ಬಾಗಿಲುಗಳ ಅಲೆ

ನೆರೆ ಇಳಿದ ಮೇಲೆ ಊರಿನಲ್ಲಿ ಎಲ್ಲದಕ್ಕೂ ಅಭಾವ, ಕಸವೊಂದನ್ನು ಬಿಟ್ಟು. ಆ ಕಸವೆಲ್ಲ ಬಂದು ಬಿದ್ದದ್ದು ಅಕ್ಕನ ತಲೆಯ ಮೇಲೆ.

ಅಕ್ಕ ಪುರಸಭೆಯ ನೈರ್ಮಲ್ಯ ವಿಭಾಗದ ಮೇಲ್ವಿಚಾರಕಿ. ಲಾರಿ ಓಡಿಸುವವರಿಂದ ಹಿಡಿದು ಅವಳಿಗಿಂತ ವಯಸ್ಸಿನಲ್ಲಿ ಹಿರಿಯರಾದ ಅಧ್ಯಕ್ಷರವರೆಗೆ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಅಕ್ಕ ಎಂದೇ. ನದಿ ಕೆಳಗಿನ ಬೀದಿಗಳಿಗೆ ನುಗ್ಗಿ ಹೋದಂದಿನಿಂದ ಅವಳು ಕಾಲಿನ ರಬ್ಬರ್ ಬೂಟು ಕಳಚುತ್ತಿದ್ದದ್ದು ಮಲಗುವಾಗ ಮಾತ್ರ. ನೆಂದ ಹಾಸಿಗೆ, ಫ್ರಿಜ್ಜು, ಕುರ್ಚಿ, ಸತ್ತ ಕೋಳಿ, ಶಾಲೆಯ ಕರಿಹಲಗೆ, ಯಾರದ್ದೋ ಮದುವೆಯ ಫೋಟೋದ ಚೌಕಟ್ಟು, ಎಲ್ಲವನ್ನೂ ಲಾರಿಗಳು ತಂದು ಬಸ್ ನಿಲ್ದಾಣದ ಪಕ್ಕದ ಆಟದ ಮೈದಾನದಲ್ಲಿ ಸುರಿದಿದ್ದವು. ಅಲ್ಲಿ ವಿಂಗಡಿಸಿ ಊರಾಚೆಯ ಗುಂಡಿಗೆ ಸಾಗಿಸಬೇಕಿತ್ತು. ಬಾಗಿಲುಗಳದ್ದೇ ಒಂದು ಬೇರೆ ರಾಶಿ. ನೀರಿನ ರಭಸಕ್ಕೆ ಕೀಲು ಕಿತ್ತು ತೇಲಿಹೋಗಿ ಸೇತುವೆಯ ಕಂಬಗಳಿಗೆ ಸಿಕ್ಕಿಕೊಂಡಿದ್ದ ಅವನ್ನು ಎಳೆದು ತೆಗೆಯುವಷ್ಟರಲ್ಲಿ ಅಕ್ಕನ ಕೆಲಸಗಾರರಿಗೆ ಸೊಂಟ ಬಿದ್ದುಹೋಗಿತ್ತು.

ಬಾಗಿಲುಗಳನ್ನು ಲಾರಿಗೆ ತುಂಬಿಸುತ್ತಿದ್ದಾಗಲೇ ತಮ್ಮನ ಫೋನು ಬಂತು.

"ಅಕ್ಕಾ, ಪೇಪರಲ್ಲಿ ಫೋಟೋ ನೋಡಿದೆ. ಆ ಬಾಗಿಲುಗಳನ್ನ ಏನೂ ಮಾಡ್ಬೇಡ. ನಾನು ಬರ್ತಿದ್ದೀನಿ."

"ನೀನು ಬಂದು ಏನ್ ಮಾಡ್ತೀಯಾ? ಲೋಡ್ ಎತ್ತುತ್ತೀಯಾ?"

"ನಿಮ್ಮ ಅಧ್ಯಕ್ಷರ ಹತ್ತಿರ ಆಗಲೇ ಮಾತಾಡಿದೆ. ಒಪ್ಪಿದಾರೆ."

ಅಕ್ಕ ಫೋನನ್ನು ಕಿವಿಯಿಂದ ದೂರ ಹಿಡಿದು ಅದನ್ನೇ ಒಂದು ಸಲ ದುರುಗುಟ್ಟಿ ನೋಡಿದಳು. ಪಕ್ಕದಲ್ಲಿ ಲಾರಿ ಡ್ರೈವರ್ ಎಂಜಿನ್ ಆರಿಸಿ ಕೆಳಗಿಳಿದ. ಅವನಿಗೂ ಕಚೇರಿಯಿಂದ ಅದೇ ಸುದ್ದಿ ಬಂದಿತ್ತು.

"ಬಾಗಿಲು ಸಾಗಿಸೋದು ನಿಲ್ಲಿಸಬೇಕಂತೆ ಅಕ್ಕಾ. ಏನೋ ಇನ್‌ಸ್ಟಲೇಷನ್ ಅಂತೆ. ಪಂಪ್‌ಸೆಟ್ಟಾ?"

"ಪಂಪ್‌ಸೆಟ್ ಆಗಿದ್ರೆ ನೀರಾದರೂ ಎತ್ತುತ್ತಿತ್ತು," ಎಂದಳು ಅಕ್ಕ. "ಇದು ನನ್ನ ತಮ್ಮ."

ತಮ್ಮನನ್ನು ಹೊರಗೆ ದೊಡ್ಡ ಕಲಾವಿದ ಅನ್ನುತ್ತಿದ್ದರು. ಮನೆಯಲ್ಲಿ ಅವನು ಪುಟ್ಟ. ಗಡ್ಡದಲ್ಲಿ ಬಿಳಿ ಕೂದಲು ಇಣುಕುತ್ತಿದ್ದರೂ ಅಮ್ಮನ ಬಾಯಲ್ಲಿ ಪುಟ್ಟ ಪುಟ್ಟನೇ. ಬಿರುಗಾಳಿಗೆ ಉರುಳಿದ ಮರಗಳ ಬೇರುಗಳಿಂದ ಒಂದು ಊರಿನಲ್ಲಿ, ಭೂಕಂಪಕ್ಕೆ ಕುಸಿದ ಮನೆಗಳ ಕಿಟಕಿ ಸರಳುಗಳಿಂದ ಇನ್ನೊಂದು ಊರಿನಲ್ಲಿ ಅವನು ದೊಡ್ಡ ದೊಡ್ಡ ಆಕಾರಗಳನ್ನು ಕಟ್ಟಿದ್ದ; ಇನ್‌ಸ್ಟಲೇಷನ್ ಅಂದರೆ ಅದೇ. ಎಲ್ಲಿ ಅನಾಹುತವೋ ಅಲ್ಲಿ ಪುಟ್ಟ. ಈ ಸಲ ಅನಾಹುತವೇ ಅವನ ಊರಿಗೆ ಬಂದಿತ್ತು.

ಅವನು ಬಂದ ದಿನವೇ ಅಕ್ಕನ ಎರಡು ಕೋಣೆಯ ಮನೆ ಗುಜರಿ ಅಂಗಡಿಯಾಯಿತು. ನಡುಮನೆಯಲ್ಲಿ ತಂತಿಯ ಸುರುಳಿ. ಕೈತೊಳೆಯುವ ಬೇಸಿನ್ನಿನಲ್ಲಿ ತುಕ್ಕು ಬಿಡಿಸಲು ನೆನೆಹಾಕಿದ ಕೀಲುಗಳು. ಸೋಫಾದ ಮೇಲೆ ಅವನು, ಸೋಫಾದ ಕೆಳಗೆ ಅವನ ಕೆಸರು ಬೂಟು. ಅಕ್ಕ ಹಲ್ಲುಜ್ಜಲು ಹೋದರೆ ಬ್ರಷ್ಷು ಕಾಣೆ; ಅದರಲ್ಲಿ ಅವನು ಚಿಲಕ ತಿಕ್ಕುತ್ತಿದ್ದ.

"ಅಮ್ಮಾ, ಇವನಿಗೆ ಏನಾದರೂ ಹೇಳು."

"ಪಾಪ ಕಣೇ, ಎಷ್ಟು ವರ್ಷಕ್ಕೆ ಬಂದಿದಾನೆ," ಎಂದರು ಅಮ್ಮ. "ಬ್ರಷ್ಷು ಇನ್ನೊಂದು ತಗೊಂಡ್ರಾಯ್ತು."

ಮೈದಾನದ ಅರ್ಧ ಭಾಗ ಪುಟ್ಟನದ್ದಾಯಿತು. ಲಾರಿಗಳು ತಿರುಗಲು ಜಾಗವಿಲ್ಲದೆ ಹಿಂದಕ್ಕೆ ಓಡಿಸಿಕೊಂಡೇ ರಸ್ತೆಗೆ ಬರಬೇಕಾಯಿತು. ಬಸ್ಸಿನವರು ಬೈದದ್ದು ಅಕ್ಕನನ್ನು. ಪುಟ್ಟ ಕಬ್ಬಿಣದ ಕೊಳವೆಗಳ ಹಂದರ ನಿಲ್ಲಿಸಿ, ತೊಳೆದು ಒಣಗಿಸಿದ ಬಾಗಿಲುಗಳನ್ನು ಒಂದೊಂದಾಗಿ ಬೋಲ್ಟು ಹಾಕಿ ಜೋಡಿಸತೊಡಗಿದ. ಬುಡದಲ್ಲಿ ದಪ್ಪ ಹಲಗೆಯ ಬಾಗಿಲುಗಳು, ಅವುಗಳ ಮೇಲೆ ಹೆಗಲು ಕೊಟ್ಟಂತೆ ಇನ್ನಷ್ಟು, ತುದಿಯಲ್ಲಿ ಹಗುರವಾದ ಕಪಾಟಿನ ಬಾಗಿಲುಗಳು ಮುಂದಕ್ಕೆ ಬಾಗಿ, ಇನ್ನೇನು ಮೇಲೆ ಬೀಳುವಂತೆ. ದೂರದಿಂದ ನೋಡಿದರೆ ಅದು ಅಲೆ. ಹತ್ತಿರ ಹೋದರೆ ನೀಲಿ, ಹಸಿರು, ಬಣ್ಣ ಹೋದದ್ದು, ಮನೆಯ ಸಂಖ್ಯೆ ಇನ್ನೂ ಅಂಟಿಕೊಂಡದ್ದು, ಒಂದೊಂದೂ ಒಂದೊಂದು ಮನೆ.

ಒಂದು ಸಂಜೆ ಚರಂಡಿ ಕೆಲಸ ಮುಗಿಸಿ ಬರುವಾಗ ಅಕ್ಕ ಅದನ್ನು ನೋಡಿ ನಿಂತಳು. ಬಿಸಿಲು ಬಾಗಿಲುಗಳ ಸಂದಿಯಿಂದ ತೂರಿಬರುತ್ತಿತ್ತು. ಆ ರಾತ್ರಿ ನೀರು ಏರಿದಾಗ ಕೇಳಿಸಿದ್ದ ಸದ್ದು ಅವಳಿಗೆ ನೆನಪಾಯಿತು. ಚೆನ್ನಾಗಿದೆ ಎಂದು ಹೇಳಬೇಕೆಂದುಕೊಂಡಳು. ಅಷ್ಟರಲ್ಲಿ ಪುಟ್ಟ ಮೇಲಿನಿಂದ ಕೂಗಿದ: "ಅಕ್ಕಾ, ನಿನ್ನ ಆ ಕಸದ ರಾಶಿ ಹಿನ್ನೆಲೆಯಲ್ಲಿ ಅಡ್ಡ ಬರುತ್ತೆ. ಸ್ವಲ್ಪ ಆಚೆ ಸರಿಸಕ್ಕಾಗುತ್ತಾ?"

ಅಕ್ಕ ಬೂಟಿನ ಕೆಸರು ಕೊಡವಿ ಮನೆಯ ದಾರಿ ಹಿಡಿದಳು.

ಅಷ್ಟು ದಿನ ಪರಿಹಾರ ಕೇಂದ್ರದಲ್ಲಿದ್ದ ಕೆಳಬೀದಿಯ ಜನ ಮನೆಗಳಿಗೆ ಮರಳತೊಡಗಿದ್ದರು. ಬಸ್ಸಿಳಿದು ಮೈದಾನ ದಾಟಿಯೇ ಅವರು ಹೋಗಬೇಕು. ಬಾಗಿಲು ಕೇಳಿಕೊಂಡು ಮೊದಲು ಬಂದವಳು ಟೈಲರಮ್ಮ. ಶಾಲೆಗಳ ಸಮವಸ್ತ್ರ ಹೊಲಿಯುತ್ತಿದ್ದ ಹೆಂಗಸು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಬೀದಿ ಬದಿಯ ಒಂದೇ ಕೋಣೆಯಲ್ಲಿ ಅಂಗಡಿಯೂ ಮನೆಯೂ. ಆಕೆ ಕೈಚೀಲ ನೆಲಕ್ಕಿಟ್ಟು ಅಲೆಯ ಬುಡಕ್ಕೆ ನೇರವಾಗಿ ನಡೆದು ಒಂದು ಹಸಿರು ಬಾಗಿಲಿನ ಮೇಲೆ ಅಂಗೈ ಇಟ್ಟಳು.

"ಇದು ನಂದು."

ಬಾಗಿಲಿನ ಒಂದು ಅಂಚಿನಲ್ಲಿ ಕೆಳಗಿನಿಂದ ಮೇಲಿನವರೆಗೆ ಅಳತೆಯ ಗೆರೆಗಳನ್ನು ಬಿಳಿ ಬಣ್ಣದಲ್ಲಿ ಬರೆದಿತ್ತು. ಮಕ್ಕಳನ್ನು ಅದಕ್ಕೆ ಬೆನ್ನು ಕೊಟ್ಟು ನಿಲ್ಲಿಸಿ ಆಕೆ ಅಳತೆ ತೆಗೆಯುತ್ತಿದ್ದಳು. ಪುಟ್ಟ ಏಣಿಯಿಂದ ಇಳಿದು ಓಡಿಬಂದ. ಅವನ ಕಣ್ಣು ಮಿನುಗುತ್ತಿತ್ತು.

"ಅಯ್ಯೋ, ಎಂಥ ಕಥೆ ಇದು! ನೀವು ಇದನ್ನ ಸ್ವಲ್ಪ ವಿವರವಾಗಿ ಹೇಳ್ತೀರಾ? ರೆಕಾರ್ಡ್ ಮಾಡ್ಕೋತೀನಿ."

"ಕಥೆ ಆಮೇಲೆ ಹೇಳ್ತೀನಿ. ಬಾಗಿಲು ಬಿಚ್ಚಿಕೊಡಿ."

"ಬಿಚ್ಚೋದಾ? ಇದು ಬುಡದ್ದು. ಇದನ್ನ ತೆಗೆದರೆ ಮೇಲಿಂದೆಲ್ಲ ಕುಸಿಯುತ್ತೆ."

"ನಿಮ್ಮದು ಕುಸಿಯುತ್ತೆ ಅಂತ ನನ್ನ ಮನೆ ಬಾಯಿ ತೆರೆದುಕೊಂಡು ಇರಬೇಕಾ? ಪ್ಲಾಸ್ಟಿಕ್ ಹಾಳೆ ಕಟ್ಟಿದೀನಿ. ನಿನ್ನೆ ನಾಯಿ ಒಳಗೆ ಬಂದು ಬಟ್ಟೆ ಗಂಟಿನ ಮೇಲೆ ಮಲಗಿತ್ತು."

ಪುಟ್ಟ ಕಸದ ರಾಶಿಯ ಹತ್ತಿರ ನಿಂತಿದ್ದ ಅಕ್ಕನ ಕಡೆ ನೋಡಿದ. ಟೈಲರಮ್ಮನೂ ಅಕ್ಕನ ಕಡೆ ನೋಡಿದಳು. ಊರಿನಲ್ಲಿ ಯಾರಿಗೆ ಏನು ತೊಂದರೆಯಾದರೂ ಕೊನೆಗೆ ಎಲ್ಲರೂ ನೋಡುತ್ತಿದ್ದದ್ದು ಅಕ್ಕನ ಕಡೆಗೇ. ಅವಳಿಗೆ ಅದೇ ಸಾಕುಸಾಕಾಗಿತ್ತು.

"ಅಧ್ಯಕ್ಷರನ್ನ ಕೇಳಿ ಹೇಳ್ತೀನಿ," ಎಂದಳು.

ಅಧ್ಯಕ್ಷರು ಒಳ್ಳೆಯ ಮಾತಿನವರು. "ಉದ್ಘಾಟನೆ ಆಗೋವರೆಗೆ ಒಂದು ಮೊಳೆನೂ ಅಲ್ಲಾಡಬಾರದು ಅಕ್ಕಾ. ಮಂತ್ರಿಗಳು ಬರ್ತಿದಾರೆ. ಇನ್ನು ಬಾಗಿಲು ಕಳಕೊಂಡೋರಿಗೆ ಹೊಸ ಬಾಗಿಲಿನ ಯೋಜನೆ ಇದೆಯಲ್ಲ."

"ಯಾವಾಗ ಬರುತ್ತೆ?"

"ಪರಿಶೀಲನೆಯಲ್ಲಿದೆ."

"ಅಲ್ಲೀವರೆಗೆ?"

"ಅಲ್ಲೀವರೆಗೆ ಜನ ಸ್ವಲ್ಪ ಸಹಕರಿಸಬೇಕು," ಎಂದು ಅವರು ತಮ್ಮ ಕೋಣೆಯ ಬಾಗಿಲಿನವರೆಗೂ ಬಂದು ಅಕ್ಕನನ್ನು ಬೀಳ್ಕೊಟ್ಟು, ಆ ಬಾಗಿಲನ್ನು ಮೆಲ್ಲಗೆ ಮುಚ್ಚಿಕೊಂಡರು.

ಮರುದಿನದಿಂದ ಜನ ಸಾಲಾಗಿ ಬರತೊಡಗಿದರು. ತೊಳೆದು ಎತ್ತರಕ್ಕೆ ನಿಲ್ಲಿಸಿದ್ದರಿಂದ ಎಲ್ಲರಿಗೂ ತಮ್ಮ ತಮ್ಮ ಬಾಗಿಲು ಕಾಣುತ್ತಿತ್ತು. ಕಾಣುತ್ತಿತ್ತು, ಕೈಗೆ ಎಟುಕುತ್ತಿರಲಿಲ್ಲ. ಒಂದೇ ಬಾಗಿಲಿಗೆ ಇಬ್ಬರು ಜಗಳಕ್ಕೆ ಬಿದ್ದರು. ಒಬ್ಬ ಮುದುಕ ಬೀಗದ ಕೈ ತಂದು, ಏಣಿ ಹತ್ತಿ, ನಡು ಅಲೆಯಲ್ಲಿದ್ದ ತನ್ನ ಬಾಗಿಲಿನ ಬೀಗ ತೆರೆದು, ಮತ್ತೆ ಹಾಕಿ, "ನೋಡಿದ್ರಾ, ನಮ್ಮದೇ" ಎಂದು ಕೆಳಗಿದ್ದವರಿಗೆ ಸಾಬೀತು ಮಾಡಿದ. ಅಧ್ಯಕ್ಷರು ಒಬ್ಬ ಕಾವಲುಗಾರನನ್ನು ಹಾಕಿಸಿದರು. ಅವನು ಒಂದು ದಿನ ನೆಟ್ಟಗೆ ಕಾದ. ಎರಡನೆಯ ದಿನ ಅಕ್ಕನ ಹತ್ತಿರ ಬಂದು ತಲೆ ಕೆರೆದುಕೊಂಡ.

"ಅಕ್ಕಾ, ಬಲಗಡೆ ಆ ಬಿಳಿ ತಗಡಿನ ಬಾಗಿಲಿದೆಯಲ್ಲ, ಅದು ನಮ್ಮ ಬಚ್ಚಲದ್ದು. ಮನೇಲಿ ಹೆಂಡತಿ ದಿನಾ ಬೈತಿದಾಳೆ."

ಅಕ್ಕ ಹಣೆ ಚಚ್ಚಿಕೊಂಡಳು.

ಅಂದು ಊಟದ ಹೊತ್ತಿಗೆ ಅವಳ ತಾಳ್ಮೆಯ ಕಟ್ಟೆ ಒಡೆಯಿತು. "ನಾಚಿಕೆ ಆಗಲ್ವೇನೋ ನಿನಗೆ? ಜನ ಪರದೆ ಕಟ್ಕೊಂಡು ಮಲಗ್ತಿದಾರೆ. ನೀನು ಅವರ ಬಾಗಿಲಲ್ಲಿ ಆಟ ಆಡ್ತಿದೀಯಾ."

"ಆಟ ಅಲ್ಲ ಅದು."

"ಮತ್ತೇನು? ಅವರಿಗೆ ನೀರು ಹೇಗೆ ಬಂತು ಅಂತ ಗೊತ್ತಿಲ್ವಾ, ನೀನು ತೋರಿಸ್ಬೇಕಾ?"

ಪುಟ್ಟ ತಟ್ಟೆ ದೂಡಿದ. "ನೀನು ಏನ್ ಮಾಡ್ತಿದ್ದೆ ಹೇಳಕ್ಕಾ. ಲಾರಿಗೆ ತುಂಬಿಸಿ ಗುಂಡಿಗೆ ಸುರಿಸ್ತಿದ್ದೆ. ನಾನು ಫೋನ್ ಮಾಡದೇ ಇದ್ದಿದ್ರೆ ಆ ಟೈಲರಮ್ಮನ ಬಾಗಿಲು ಇವತ್ತು ಮಣ್ಣಿನ ಕೆಳಗೆ ಇರ್ತಿತ್ತು. ಒಂದೊಂದನ್ನೂ ಕೈಯಾರೆ ತೊಳೆದಿದ್ದು ನಾನು. ಬೈಸಿಕೊಳ್ಳೋದೂ ನಾನೇ!"

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ; ಅದೇ ಅಕ್ಕನ ಸಿಟ್ಟನ್ನು ಇನ್ನಷ್ಟು ಏರಿಸಿತು. ಆ ರಾಶಿಯೊಳಗೆ ಒಂದೊಂದು ಬಾಗಿಲಿಗೂ ಒಂದೊಂದು ಮನೆಯಿದೆ ಎಂದು ಯೋಚಿಸಲು ಅವಳಿಗೆ ಬಿಡುವು ಕೊಟ್ಟವರು ಯಾರು? ರೋಗ ಹಬ್ಬುವ ಮೊದಲು ಮೈದಾನ ಖಾಲಿಯಾಗಬೇಕೆಂದು ಆಸ್ಪತ್ರೆಯವರು, ದಾರಿ ಬಿಡಬೇಕೆಂದು ಬಸ್ಸಿನವರು, ಇವರೆಲ್ಲರ ನಡುವೆ ಇವನು.

"ಇಬ್ಬರೂ ಬಾಯಿ ಮುಚ್ಕೊಂಡು ಊಟ ಮಾಡಿ," ಎಂದರು ಅಮ್ಮ. "ಚಿಕ್ಕೋರಿದ್ದಾಗ ಒಂದು ಚಮಚಕ್ಕೆ ಹೀಗೇ ಕಿತ್ತಾಡ್ತಿದ್ರಿ. ಈಗ ಊರಿನ ಬಾಗಿಲೆಲ್ಲ ಬೇಕಾ?"

ಉದ್ಘಾಟನೆಯ ಹಿಂದಿನ ದಿನ ಬೆಳಗ್ಗೆ ಅಕ್ಕ ಮೈದಾನಕ್ಕೆ ಬಂದಾಗ ಅಲೆಯ ಮುಂದೆ ಮಕ್ಕಳ ಗುಂಪು. ಟೈಲರಮ್ಮ ತಳ್ಳುಗಾಡಿಯಲ್ಲಿ ಹೊಲಿಗೆ ಯಂತ್ರ ಹೇರಿಕೊಂಡು ಬಂದು ತನ್ನ ಬಾಗಿಲಿನ ಎದುರಿಗೇ ಅಂಗಡಿ ಹೂಡಿದ್ದಳು. ಸ್ಟೂಲು, ಕತ್ತರಿ, ನೀಲಿ ಬಟ್ಟೆಯ ಥಾನು, ಎಲ್ಲ ಹಾಜರು. ಮಕ್ಕಳು ಒಬ್ಬೊಬ್ಬರಾಗಿ ಹಸಿರು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ತಾಯಂದಿರು ಅಲೆಯ ನೆರಳಿನಲ್ಲಿ ಕೂತು ಹರಟುತ್ತಿದ್ದರು.

"ಇದೇನು ಟೈಲರಮ್ಮ?"

"ಶಾಲೆ ಶುರು ಆಗುತ್ತಲ್ಲ ಅಕ್ಕಾ. ಬಾಗಿಲು ನನ್ನ ಹತ್ತಿರ ಬರಲ್ಲ ಅಂದ್ರೆ ನಾನೇ ಬಂದೆ. ಯಾರಿಗೂ ತೊಂದ್ರೆ ಕೊಡ್ತಿಲ್ಲ. ಏ, ನೆಟ್ಟಗೆ ನಿಲ್ಲು ಮರಿ, ಕುತ್ತಿಗೆ ಎತ್ತಬೇಡ."

ಪುಟ್ಟ ಬಂದು ನೋಡಿ ಕೆಂಡವಾದ. ಅಲೆಯ ಗಾಂಭೀರ್ಯವೆಲ್ಲ ಹಾಳಾಯಿತೆಂದು ಅವನ ಗೋಳು. ಬೇಡಿದ, ಗದರಿದ, ಸಂಜೆ ತಾನೇ ಗಾಡಿ ತಳ್ಳಿಕೊಡುತ್ತೇನೆಂದ. ಟೈಲರಮ್ಮ ಬಾಯಲ್ಲಿ ಗುಂಡುಪಿನ್ನುಗಳನ್ನು ಕಚ್ಚಿಕೊಂಡಿದ್ದಳಾದ್ದರಿಂದ ಉತ್ತರ ಕೊಡಲಿಲ್ಲ.

ಆ ಹೊತ್ತಿಗೆ ಸಿದ್ಧತೆ ನೋಡಲು ಅಧ್ಯಕ್ಷರು ಬಂದರು, ಹಿಂದೆ ಇಬ್ಬರು ಪತ್ರಿಕೆಯವರು. ಹೊಲಿಗೆ ಯಂತ್ರದ ಮುಂದೆ ನಿಂತು ಅವರು ತಲೆದೂಗಿದರು.

"ಓಹೋ! ಇದೂ ಸೇರಿದೆಯಾ ನಿಮ್ಮ ಕಲೆಯಲ್ಲಿ? ಭೇಷ್, ಭೇಷ್. ಬದುಕು ಮತ್ತೆ ಶುರುವಾಯಿತು ಅಂತ ಅರ್ಥ, ಅಲ್ವಾ?"

ಪತ್ರಿಕೆಯವನು ಕ್ಯಾಮೆರಾ ಎತ್ತಿದ. ಪುಟ್ಟ ಒಂದು ಗಳಿಗೆ ತಡವರಿಸಿದ. ಆಮೇಲೆ, "ಹೌದು ಸಾರ್," ಎಂದ.

ಅಕ್ಕನಿಗೆ ಕೇಳಿಸಿತು. ಟೈಲರಮ್ಮನಿಗೂ ಕೇಳಿಸಿತು. ಆಕೆ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ತೋಳಿಗೆ ಕಟ್ಟಿದ್ದ ದಿಂಬಿಗೆ ಚುಚ್ಚಿ ಎದ್ದು ನಿಂತಳು.

"ನಾನು ಯಾರ ಕಲೆನೂ ಅಲ್ಲ ಸ್ವಾಮಿ. ನಾನು ಟೈಲರ್. ನನ್ನ ಬಾಗಿಲು ಕೊಡಲ್ಲ ಅಂತಿದಾರೆ, ಅದಕ್ಕೆ ಇಲ್ಲಿ ಕೂತಿದೀನಿ. ಅದನ್ನ ಬರೀರಿ ನಿಮ್ಮ ಪೇಪರಲ್ಲಿ."

ಅಧ್ಯಕ್ಷರ ಮುಖದ ನಗು ಮಾಯವಾಯಿತು. "ನಾಳೆ ಮಂತ್ರಿಗಳು ಬರೋ ಹೊತ್ತಿಗೆ ಈ ಹೆಂಗಸು ಇಲ್ಲಿ ಇರಕೂಡದು," ಎಂದು ಕಾವಲುಗಾರನಿಗೆ ಹೇಳಿದರು. "ಈ ಮಿಷನ್ನು ಗಿಷನ್ನು ಎಲ್ಲ ಎತ್ತಿ ಕಸದ ಲಾರಿಗೆ ಹಾಕು."

ಕಾವಲುಗಾರ ಅಲ್ಲಾಡಲಿಲ್ಲ. ಮಕ್ಕಳು ತಾಯಂದಿರ ಹಿಂದೆ ಸರಿದರು. ಪುಟ್ಟ ಯಂತ್ರವನ್ನು ನೋಡಿದ, ಕಸದ ಲಾರಿಯನ್ನು ನೋಡಿದ. ಅವನ ಕಿವಿ ಕೆಂಪೇರಿದ್ದನ್ನು ಅಕ್ಕ ಗಮನಿಸಿದಳು. ತಪ್ಪು ಮಾಡಿ ಸಿಕ್ಕಿಬಿದ್ದಾಗ ಅವನ ಕಿವಿ ಹಾಗಾಗುತ್ತಿದ್ದದ್ದು ಅವಳಿಗೆ ಅವನ ಮೂರನೇ ವಯಸ್ಸಿನಿಂದ ಗೊತ್ತು.

"ಪುಟ್ಟಾ," ಎಂದಳು ಅಷ್ಟು ಜನರ ಎದುರಿಗೆ, ಮನೆಯ ದನಿಯಲ್ಲೇ. "ಸ್ಪ್ಯಾನರ್ ಎಲ್ಲಿ?"

"ಅಕ್ಕಾ, ಬುಡ ತೆಗೆದರೆ ಪೂರ್ತಿ—"

"ಬುಡದಿಂದ ಯಾರು ತೆಗಿ ಅಂದ್ರು? ಮೇಲಿಂದ ಇಳಿಸ್ಕೊಂಡು ಬಾ. ನಾನು ಕೆಳಗೆ ಹಿಡ್ಕೋತೀನಿ."

"ಅಕ್ಕಾ, ನೀವು ನೌಕರಿಯಲ್ಲಿದೀರಿ ಅನ್ನೋದು ನೆನಪಿರಲಿ," ಎಂದರು ಅಧ್ಯಕ್ಷರು.

"ನೆನಪಿದೆ ಸಾರ್. ಮೈದಾನ ಖಾಲಿ ಮಾಡಿಸೋದೇ ನನ್ನ ನೌಕರಿ."

ಪುಟ್ಟ ಹೋಗಿ ಸ್ಪ್ಯಾನರ್ ತಂದ. ಏಣಿ ಹತ್ತಿ ತುತ್ತತುದಿಯ ಬೋಲ್ಟಿಗೆ ಅದನ್ನು ಸಿಕ್ಕಿಸಿ ತಿರುಗಿಸಿದ. ತಾನೇ ಅಷ್ಟು ಬಿಗಿಯಾಗಿ ಹಾಕಿದ್ದು, ಸುಲಭಕ್ಕೆ ಬರಲಿಲ್ಲ. ಅಧ್ಯಕ್ಷರು ಕಾರು ಹತ್ತಿ ಬಾಗಿಲು ಧಡಾರನೆ ಹಾಕಿಕೊಂಡು ಹೋದರು.

ಆಮೇಲೆ ನಡೆದದ್ದು ಮದುವೆಮನೆಯ ಗದ್ದಲ. ಸುದ್ದಿ ಕೆಳಬೀದಿಗೆ ಮುಟ್ಟಿ ಜನ ಓಡಿಬಂದರು. ಪುಟ್ಟ ಮೇಲಿಂದ ಹಗ್ಗದಲ್ಲಿ ಇಳಿಸುವುದು, ಅಕ್ಕ ಮತ್ತು ಲಾರಿ ಡ್ರೈವರ್ ಕೆಳಗೆ ಹಿಡಿಯುವುದು, ಯಾರದ್ದು ಎಂದು ಅಕ್ಕ ಗಂಟಲು ಹರಿಯುವಂತೆ ಕೂಗುವುದು. ಕೆಲವರು ತಲೆಯ ಮೇಲೆ ಹೊತ್ತು ಹೋದರು, ಕೆಲವರು ಸೈಕಲ್ಲಿಗೆ ಕಟ್ಟಿಕೊಂಡರು. ಬೀಗದ ಕೈಯ ಮುದುಕ ತನ್ನ ಬಾಗಿಲಿಗೆ ಗೀರು ಬಿದ್ದಿದೆಯೆಂದು ಪುಟ್ಟನಿಗೆ ಛೀಮಾರಿ ಹಾಕಿದ. ಧನ್ಯವಾದ ಹೇಳಿದವರು ಕಡಿಮೆ. ಕಾವಲುಗಾರನ ಹೆಂಡತಿ ಖುದ್ದಾಗಿ ಬಂದು ಬಚ್ಚಲಿನ ಬಾಗಿಲು ಎತ್ತಿಕೊಂಡು, ಗಂಡನ ಕಡೆ ತಿರುಗಿಯೂ ನೋಡದೆ ನಡೆದಳು.

ಸಂಜೆಯ ಹೊತ್ತಿಗೆ ಹಂದರದ ಮೇಲೆ ಯಾರೂ ಕೇಳದ ಒಂದಿಷ್ಟು ಬಾಗಿಲುಗಳು ಉಳಿದವು. ಪುಟ್ಟ ಒಂದು ಹಳದಿ ಬಾಗಿಲನ್ನು ತೋರಿಸಿದ. "ಇವರು ಯಾಕೆ ಬರಲಿಲ್ಲ? ಒಳ್ಳೆ ಮರ."

"ಅದು ನದಿ ದಂಡೆಯ ಕೊನೇ ಮನೇದು," ಎಂದಳು ಅಕ್ಕ. "ಗಂಡ ಹೆಂಡತಿ ಇಬ್ಬರೇ ಇದ್ದರು. ಅವರು ಸಿಕ್ಕಿದಾಗ ನಾನು ಅಲ್ಲೇ ಇದ್ದೆ."

ಪುಟ್ಟ ಸ್ಪ್ಯಾನರನ್ನು ಜೇಬಿಗೆ ಹಾಕಿಕೊಂಡ. ಆ ಬಾಗಿಲಿಗೆ ಕೈ ಹಚ್ಚಲಿಲ್ಲ.

ಮಂತ್ರಿಗಳು ಮರುದಿನ ಬಂದರು. ಬಹುಪಾಲು ಖಾಲಿಯಾಗಿದ್ದ ಹಂದರದ ಮುಂದೆ ರಿಬ್ಬನ್ ಕತ್ತರಿಸಿ, "ಇನ್ನೂ ಕೆಲಸ ಬಾಕಿ ಇದೆಯೇನು?" ಎಂದು ಕೇಳಿದರು. "ಇಲ್ಲ ಸಾರ್, ಬಾಕಿಯವು ಮನೆಗೆ ಹೋಗಿವೆ," ಎಂದ ಪುಟ್ಟ. ಮಂತ್ರಿಗಳಿಗೆ ಅರ್ಥವಾಯಿತೋ ಇಲ್ಲವೋ, ಇನ್ನೊಂದು ಊರಿನ ಕಾರ್ಯಕ್ರಮಕ್ಕೆ ಹೊತ್ತಾಗಿತ್ತು. ಅಕ್ಕನಿಗೆ ಅಧ್ಯಕ್ಷರಿಂದ ವಿವರಣೆ ಕೇಳಿದ ನೋಟೀಸು ಬಂತು. ಅವಳು ಅದನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಚರಂಡಿ ಕೆಲಸಕ್ಕೆ ಹೊರಟಳು.

ದಾರಿಯಲ್ಲಿ ಟೈಲರಮ್ಮ ಅಡ್ಡಗಟ್ಟಿದಳು.

"ನಿಮ್ಮ ತಮ್ಮ ಎಲ್ಲಿ? ಬಾಗಿಲಿಗೆ ಸಿಕ್ಕಸಿಕ್ಕಲ್ಲಿ ತೂತು ಕೊರೆದಿದಾರೆ. ಗಾಳಿ ಸುಯ್ ಅಂತ ಬರುತ್ತೆ. ಮೇಲಾಗಿ ಚೌಕಟ್ಟು ಉಬ್ಬಿದೆ, ಬಾಗಿಲು ಕೂರ್ತಾನೇ ಇಲ್ಲ. ಊರಲ್ಲಿ ಒಬ್ಬ ಬಡಗಿನೂ ಕೈಗೆ ಸಿಗಲ್ಲ."

ಅಕ್ಕ ತಮ್ಮನನ್ನು ಸೋಫಾದಿಂದ ಎಬ್ಬಿಸಿ, ಉಪಕರಣದ ಚೀಲದೊಂದಿಗೆ ಕರೆತಂದಳು. ಅವನು ಬೋಲ್ಟಿನ ತೂತುಗಳಿಗೆ ಮರದ ಬೆಣೆ ಹೊಡೆದ. ಅಂಚನ್ನು ಉಜ್ಜುಗೊರಡಿನಿಂದ ಹೆರೆದ. ಅಕ್ಕ ಇನ್ನೊಂದು ತುದಿ ಹಿಡಿದು ನಿಂತಳು.

"ಮೇಲೆತ್ತು."

"ಎತ್ತಿದೀನಲ್ಲ."

"ಎಡಕ್ಕೆ. ಎಡಕ್ಕಕ್ಕಾ! ನಿನ್ನ ಎಡ ಅಲ್ಲ, ನನ್ನ ಎಡ."

"ನಿನ್ನ ಎಡ ನಿನ್ನ ಹತ್ತಿರ ಇಟ್ಕೋ. ನನಗೆ ಯಾವ ಕಡೆ ಅಂತ ಹೇಳು."

"ಇಬ್ಬರೂ ಸ್ವಲ್ಪ ಮೆತ್ತಗೆ," ಎಂದಳು ಟೈಲರಮ್ಮ ಒಳಗಿನಿಂದ. "ಕೆಲಸಕ್ಕಿಂತ ಬಾಯಿ ಜಾಸ್ತಿ ಆಯ್ತು."

ಬಾಗಿಲನ್ನು ಎರಡು ಸಲ ಹಾಕಿ, ಎರಡು ಸಲ ಬಿಚ್ಚಿ, ಮತ್ತೆ ಹೆರೆದದ್ದಾಯಿತು. ನಡುವೆ ಕೀಲಿಗೆ ಸಿಕ್ಕಿ ಪುಟ್ಟನ ಅಂಗಿಯ ತೋಳು ಮೊಣಕೈವರೆಗೆ ಹರಿಯಿತು. ಕೊನೆಗೆ ಬಾಗಿಲು ಒಂದು ಸಲ ಗೊರಗೊರ ಎಂದು ಚೌಕಟ್ಟಿಗೆ ಹೋಗಿ ಕೂತಿತು. ಬೀದಿಯ ಲಾರಿ ಸದ್ದು, ಬಸ್ಸಿನ ಹಾರ್ನು, ಯಾರೋ ಯಾರನ್ನೋ ಕೂಗುವುದು, ಎಲ್ಲ ತಟ್ಟನೆ ದೂರವಾಯಿತು. ಕೋಣೆಯಲ್ಲಿ ಹೊಸ ಬಟ್ಟೆಯ ವಾಸನೆ ಮಾತ್ರ ಉಳಿಯಿತು.

"ಅಂಗಿ ಬಿಚ್ಚಿ," ಎಂದಳು ಟೈಲರಮ್ಮ ಪುಟ್ಟನಿಗೆ.

"ಪರವಾಗಿಲ್ಲ ಬಿಡಿ."

"ನನ್ನ ಮನೆಯಿಂದ ಹರಿದ ತೋಳು ನೇತಾಡಿಸ್ಕೊಂಡು ಹೋದ್ರೆ ನೋಡಿದೋರು ನನ್ನ ಕೆಲಸದ ಬಗ್ಗೆ ಏನಂದ್ಕೋತಾರೆ? ಬಿಚ್ಚಿ."

ಅವನು ಬನಿಯನ್ನಿನಲ್ಲಿ ಸ್ಟೂಲಿನ ಮೇಲೆ ಮುದುರಿ ಕೂತ. ಆಕೆ ಬೈಯುತ್ತಲೇ ಯಂತ್ರದಲ್ಲಿ ತೋಳಿಗೆ ಹೊಲಿಗೆ ಹಾಕುತ್ತಿದ್ದಳು. ಅಲೆ ಚೆನ್ನಾಗಿತ್ತು, ಸುಳ್ಳು ಹೇಳಲ್ಲ, ಆದರೆ ಕೇಳಿ ಮಾಡಬೇಕಿತ್ತು ಎಂದಳು. ಅವನು ಏನೋ ಸಮಜಾಯಿಷಿ ಹೇಳಲು ಬಾಯಿ ತೆರೆದು, ಅಕ್ಕ ಜಗಳಕ್ಕೆ ಬರುತ್ತಾಳೆಂದು ಅವಳ ಕಡೆ ನೋಡಿದ.

ಅಕ್ಕ ಬಟ್ಟೆಯ ಥಾನುಗಳಿಗೆ ಒರಗಿ, ಬಾಯಿ ಸ್ವಲ್ಪ ತೆರೆದುಕೊಂಡು, ನಿದ್ದೆ ಹೋಗಿದ್ದಳು. ಕೆಸರು ಬೂಟು ಕಾಲಿನಲ್ಲೇ ಇತ್ತು. ಅವಳ ಮಡಿಲಿನಲ್ಲಿದ್ದ ಫೋನು ಗುರ್ ಎಂದು ನಡುಗಿತು; ಪರದೆಯ ಮೇಲೆ ಕಚೇರಿಯ ಸಂಖ್ಯೆ. ಪುಟ್ಟ ಎಬ್ಬಿಸಲು ಎದ್ದ.

"ಸುಮ್ಮನೆ ಕೂತ್ಕೊಳ್ಳಿ," ಎಂದಳು ಟೈಲರಮ್ಮ. ಫೋನನ್ನು ಮೆಲ್ಲಗೆ ತೆಗೆದು ಕತ್ತರಿಸಿಟ್ಟ ನೀಲಿ ಬಟ್ಟೆಯ ರಾಶಿಯ ಅಡಿಗೆ ತುರುಕಿ, ಬಾಗಿಲಿನ ಚಿಲಕ ಹಾಕಿ ಬಂದು, ಯಂತ್ರದ ಸದ್ದಾಗದಿರಲೆಂದು ಉಳಿದ ಹೊಲಿಗೆಯನ್ನು ಕೈಯಲ್ಲೇ ಹಾಕತೊಡಗಿದಳು.